ಅಜ್ಜಿಯೆಂಬ ಸಮುದ್ರಪುಷ್ಪ

ಸಮುದ್ರಪುಷ್ಪವೆಂಬುದು ಹೂವಲ್ಲ, ಪ್ರಾಣಿ. ಬುಡದಿಂದ ಬಂಡೆಯನ್ನು ಹಿಡಿದುಕೊಂಡು, ಎಸಳುಗಳಂತೆ ತೋರುವ ಬಾಹುಗಳನ್ನು ನೀರಿನಲ್ಲಿ ಹರಡಿ, ತನಗೆ ತಾಗಿದ ಸಣ್ಣ ಜೀವಿಗಳನ್ನು ವಿಷದ ಸೂಕ್ಷ್ಮ ಮುಳ್ಳುಗಳಿಂದ ಚುಚ್ಚಿ ನಡುವಿನ ಬಾಯಿಗೆ ಒಯ್ಯುವುದು ಇದರ ವೃತ್ತಿ. ಇದರ ವರ್ಣವೈಭವಕ್ಕೆ ಮನಸೋತು ಇಂದು ಅನೇಕ ದೇಶಗಳ ಗೃಹಸ್ಥರು ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಹವಳದ ದಿಬ್ಬವನ್ನೇ ಚಿಕ್ಕದಾಗಿ ನಿರ್ಮಿಸಿ, ಅದರ ನಡುವೆ ಇದನ್ನು ಸಾಕುತ್ತಾರೆ.

ಬಣ್ಣವೇ ಕೆಲವೊಮ್ಮೆ ಇದಕ್ಕೆ ಮೃತ್ಯುವಾಗುವುದುಂಟು. ಇಂಥ ತೊಟ್ಟಿಗಳಿಗೆ ತರುವ ಉಷ್ಣಸಮುದ್ರದ ಜಾತಿಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯು ವಾಸವಾಗಿರುತ್ತದೆ. ಅದು ಬೆಳಕಿನಿಂದ ಸಿದ್ಧಪಡಿಸುವ ಅನ್ನದಲ್ಲಿ ಆಶ್ರಯವಿತ್ತ ಪ್ರಾಣಿಗೂ ಪಾಲುಂಟು. ಪಾಚಿಯನ್ನು ಕಳೆದುಕೊಂಡು ಬಿಳುಪೇರಿದ, ಎಂದರೆ ಉಪವಾಸಕ್ಕೆ ಬಿದ್ದ ಪ್ರಾಣಿಗೆ ಹಳದಿ ನೇರಳೆ ಬಣ್ಣಗಳನ್ನೂಡಿಸಿ ಮಾರುವ ವರ್ತಕರೂ ಇದ್ದಾರೆ. ಹಸಿದವನ ಮುಖಕ್ಕೆ ಅರಿಸಿನ ಬಳಿದು ಮದುಮಗನೆಂದು ತೋರಿಸಿದಂತಾಯಿತು. ತಿಳಿದವರು ತೊಟ್ಟಿಯನ್ನು ಹೂಡಿದ ಕೂಡಲೆ ಇದನ್ನು ತರುವುದಿಲ್ಲ. ಕಲ್ಮಷವನ್ನು ಕರಗಿಸುವ ಸೂಕ್ಷ್ಮಾಣುಗಳು ಕಲ್ಲುಮರಳುಗಳಲ್ಲಿ ನೆಲೆಗೊಂಡು ನೀರು ಹದಕ್ಕೆ ಬರಲೆಂದು ಆರು ತಿಂಗಳೋ ವರ್ಷವೋ ಕಾಯುತ್ತಾರೆ. ತಂದ ಮೇಲೂ ನಿಶ್ಚಿಂತೆಯಿಲ್ಲ. ಸ್ಥಳ ಒಪ್ಪದಿದ್ದರೆ ಇದು ಬುಡವನ್ನು ಸಡಿಲಿಸಿ ಮೆಲ್ಲಗೆ ಹೊರಟೇಬಿಡುತ್ತದೆ. ನೀರನ್ನೆಳೆಯುವ ಯಂತ್ರದ ಬಾಯಿಗೆ ಸಿಕ್ಕಿ ಚೂರಾದರೆ ತೊಟ್ಟಿಯ ನೀರೆಲ್ಲವೂ ಕೆಟ್ಟು, ಜೊತೆಯ ಜೀವಿಗಳೂ ಅಳಿಯುತ್ತವೆ.

ಯಂತ್ರವೂ ವಿದ್ಯುತ್ತಿನ ದೀಪವೂ ಇಲ್ಲದ ಕಾಲದಲ್ಲಿ ಎಡಿನ್‌ಬರೋ ನಗರದಲ್ಲಿ ಇಂಥದೊಂದು ಪ್ರಾಣಿಯು ಐವತ್ತೊಂಬತ್ತು ವರ್ಷ ಬದುಕಿತು. ಅದು ಶೀತಸಮುದ್ರದ ಜಾತಿ, ಗಟ್ಟಿ ಜೀವ, ದೀಪವನ್ನು ಬೇಡುವಂಥದಲ್ಲ ಎಂಬುದು ನಿಜ. ಆದರೂ ಅದರ ಕಥೆಯನ್ನು ಕೇಳಬೇಕು.

ಸರ್ ಜಾನ್ ಗ್ರಹಾಮ್ ಡಾಲಿಯೆಲ್ ಎಂಬವನು ನ್ಯಾಯಶಾಸ್ತ್ರವನ್ನು ಓದಿದವನು. ಶೈಶವದಲ್ಲಿ ಬಿದ್ದು ಕಾಲು ಊನವಾದವನು. ಅವನ ಮನಸ್ಸೆಲ್ಲ ಸಮುದ್ರದ ಕ್ಷುದ್ರಜೀವಿಗಳ ಮೇಲೆ. 1828ರಲ್ಲಿ ನಾರ್ತ್ ಬರ್ವಿಕ್ ಎಂಬ ತೀರದ ಬಂಡೆಯಿಂದ ಅವನು ಒಂದು ಸಮುದ್ರಪುಷ್ಪವನ್ನು ತಂದನು. ನೀರಿಳಿದಾಗ ಬಾಹುಗಳನ್ನೆಲ್ಲ ಒಳಕ್ಕೆಳೆದುಕೊಂಡು ಮಾಂಸದ ಗುಂಡಿಯಂತೆ ಕುಳಿತಿರುವ, ಅರಳಿದರೆ ಅಂಚಿನಲ್ಲಿ ನೀಲಮಣಿಗಳ ಸರವನ್ನು ತೋರುವ ಜಾತಿ ಅದು. ಅದನ್ನು ಒಂದು ಸಣ್ಣ ಗಾಜಿನ ಪಾತ್ರೆಯಲ್ಲಿಟ್ಟನು. ಆಗಾಗ ಚಿಪ್ಪುಪ್ರಾಣಿಯ ಮಾಂಸದ ಒಂದು ತುಣುಕು, ತಪ್ಪದೆ ಬದಲಾಯಿಸುವ ಸಮುದ್ರಜಲ: ಉಪಚಾರವೆಂದರೆ ಇಷ್ಟೆ. ಈ ಜಾತಿಯು ಮರಿಗಳನ್ನು ಒಡಲೊಳಗೆ ಬೆಳೆಯಿಸಿ ಬಾಯಿಂದ ಹೊರಬಿಡುತ್ತದೆ. ಇಪ್ಪತ್ತು ವರ್ಷಗಳಲ್ಲಿ 334 ಮರಿಗಳಾದುವೆಂದು ಲೆಕ್ಕವಿದೆ. ಜನರು ಅದನ್ನು "ಅಜ್ಜಿ" ಎಂದು ಕರೆದರು.

1851ರಲ್ಲಿ ಡಾಲಿಯೆಲ್ ತೀರಿಕೊಂಡನು, ಅಜ್ಜಿ ತೀರಲಿಲ್ಲ. ಪ್ರೊಫೆಸರ್ ಜಾನ್ ಫ್ಲೆಮಿಂಗನು ಪಾತ್ರೆಯನ್ನು ವಹಿಸಿಕೊಂಡನು. ಬಹುಕಾಲ ಬಂಜೆಯಂತಿದ್ದ ಅಜ್ಜಿ 1857ರ ವಸಂತದಲ್ಲಿ ಒಂದೇ ರಾತ್ರಿ 230 ಮರಿಗಳನ್ನು ಹೆತ್ತಿತು; ಆ ವರ್ಷವೇ ಫ್ಲೆಮಿಂಗನು ಕಾಲವಾದನು. ಅನಂತರ ನೌಕಾದಳದ ವೈದ್ಯನಾಗಿದ್ದ ಮೆಕ್‌ಬೇನ್, 1879ರಲ್ಲಿ ಅವನು ಹೋಗಲು ರಾಜಕೀಯ ಸಸ್ಯೋದ್ಯಾನದ ಮೇಲ್ವಿಚಾರಕ ಜಾನ್ ಸ್ಯಾಡ್ಲರ್, 1882ರಲ್ಲಿ ಅವನೂ ಹೋಗಲು ಅದೇ ಉದ್ಯಾನದ ರಾಬರ್ಟ್ ಲಿಂಡ್ಸೆ. ಅಜ್ಜಿಯನ್ನು ಕಾಣಲು ಬಂದವರ ಹೆಸರನ್ನು ಬರೆಯಲು ಒಂದು ಪುಸ್ತಕವನ್ನೇ ಇಟ್ಟಿದ್ದರು. ಅದರಲ್ಲಿ ಸಾವಿರಕ್ಕೂ ಮೇಲ್ಪಟ್ಟ ಹೆಸರುಗಳಾದುವು.

ನಮ್ಮ ಧರ್ಮಶಾಸ್ತ್ರಗಳು ನಿಕ್ಷೇಪವನ್ನು ಕುರಿತು ಒಂದು ಪ್ರಕರಣವನ್ನೇ ಬರೆದಿವೆ. ಒಬ್ಬನು ನಂಬಿ ಇರಿಸಿಹೋದ ವಸ್ತು ಇಟ್ಟುಕೊಂಡವನ ಸ್ವತ್ತಲ್ಲ. ಅದನ್ನು ಇದ್ದಂತೆಯೇ ಒಪ್ಪಿಸುವುದು ಅವನ ಋಣ. ಈ ಐವರಲ್ಲಿ ಯಾರೂ ಆ ಶಾಸ್ತ್ರವನ್ನು ಓದಿದವರಿರಲಾರರು. ಎಂದಾದರೊಂದು ದಿನ ಪಾತ್ರೆಯನ್ನು ಸಮುದ್ರಕ್ಕೆ ಚೆಲ್ಲಿ ಕೈತೊಳೆದುಕೊಂಡಿದ್ದರೆ ಯಾರೂ ಕೇಳುವಂತಿರಲಿಲ್ಲ.

1887ರ ಆಗಸ್ಟ್ 4ರಂದು ಅಜ್ಜಿ ಸತ್ತಿತು. ಸ್ಕಾಟ್ಸ್‌ಮನ್ ಪತ್ರಿಕೆಯು ಚರಮವಾರ್ತೆಯನ್ನು ಪ್ರಕಟಿಸಿತು. ಬೆನ್ನೆಲುಬಿಲ್ಲದ ಪ್ರಾಣಿಗೆ ಅಂಥ ಗೌರವ ಸಿಕ್ಕುವುದು ಅಪೂರ್ವವೇ ಸರಿ.

ಅದು ಮುಪ್ಪಿನಿಂದ ಸತ್ತಿತೆ? ಈ ಸಂದೇಹಕ್ಕೆ ಕಾರಣವುಂಟು. ಅದೇ ನಗರದಲ್ಲಿ, ಆರನ್ ದ್ವೀಪದಿಂದ 1862ಕ್ಕೂ ಮೊದಲೇ ತಂದ ಬೇರೊಂದು ಜಾತಿಯ ಸಮುದ್ರಪುಷ್ಪಗಳು ಒಂದು ಗುಂಪಾಗಿ ಬಾಳುತ್ತಿದ್ದುವು. 1904ರಲ್ಲಿ ಆಶ್‌ವರ್ತ್, ಆನಂಡೇಲ್ ಎಂಬಿಬ್ಬರು ಅವುಗಳನ್ನು ಪರೀಕ್ಷಿಸಿ ಬರೆದರು. ಈ ಆನಂಡೇಲನೇ ಮುಂದೆ, 1916ರಲ್ಲಿ, ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ಮೊದಲ ನಿರ್ದೇಶಕನಾದವನು. ಅಂದಿಗೆ ನಾಲ್ವತ್ತು ವರ್ಷ ದಾಟಿದ್ದ ಆ ಜೀವಿಗಳಲ್ಲಿ ಉತ್ಸಾಹವು ಕುಗ್ಗಿರಲಿಲ್ಲ. ಎಂಬತ್ತರ ಹತ್ತಿರಕ್ಕೆ ಬಂದಾಗಲೂ ಮರಿಮಾಡುತ್ತಲೇ ಇದ್ದುವು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವು ಸತ್ತುವು. ಒಂದೊಂದಾಗಿಯಲ್ಲ, ಎಲ್ಲವೂ ಒಂದೇ ಸಲ ಸತ್ತಿರುವುದು ಕಂಡುಬಂದಿತು. ಮುಪ್ಪು ಹಾಗೆ ಮನೆಮಂದಿಗೆಲ್ಲ ಒಂದೇ ದಿನ ಬರುವುದಿಲ್ಲ. ಅಂದು ಆ ನೀರಿಗೆ ಏನು ಸೇರಿತ್ತೋ.