ಕಳ್ಳನಿಗಿಲ್ಲದ ಗಡಿ

ಗಡಿ, ಎಲ್ಲೆ, ಮೇರೆ, ಸೀಮೆ, ಸರಹದ್ದು—ಕನ್ನಡದಲ್ಲಿ ಈ ಒಂದು ವಸ್ತುವಿಗೆ ಎಷ್ಟೊಂದು ಹೆಸರುಗಳು! ಹೆಸರು ಹೆಚ್ಚಾದಷ್ಟೂ ವಸ್ತು ಗಟ್ಟಿಯಾಗಿರಬೇಕೆಂದು ವ್ಯಾಕರಣದ ನಿಯಮವೇನೂ ಇಲ್ಲ. ಗಡಿಯಷ್ಟು ಪಕ್ಷಪಾತಿ ಮತ್ತೊಂದಿರಲಾರದು. ಸಜ್ಜನನಿಗೂ ಪೊಲೀಸಿನವನಿಗೂ ಅದು ಗೋಡೆ, ಕಳ್ಳನಿಗೆ ಬಾಗಿಲು.

ಕಳೆದ ವರ್ಷ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದವನು, ಮೆಟ್ಟೂರಿನ ಬಸ್ಸು ಹಿಡಿದು ಪಾಲಾರಿನವರೆಗೂ ಹೋಗಿದ್ದೆ. ಹೊಳೆಯ ಈಚೆಗೆ ಕರ್ನಾಟಕ, ಆಚೆಗೆ ತಮಿಳುನಾಡು. ಎರಡು ಕಡೆಯೂ ಅದೇ ಕುರುಚಲು ಕಾಡು, ಅದೇ ಬಿಸಿಲು. ಮಾದಪ್ಪನ ಒಕ್ಕಲಿನಲ್ಲಿ ಕನ್ನಡ ಆಡುವವರೂ ಉಂಟು, ತಮಿಳು ಆಡುವವರೂ ಉಂಟು. ಅಲ್ಲಿ ಗಡಿ ಕಣ್ಣಿಗೆ ಬೀಳುವುದು ಚೆಕ್‌ಪೋಸ್ಟಿನಲ್ಲಿ ಮಾತ್ರ. ಈ ಪಾಲಾರಿನ ಬಳಿಯಲ್ಲೇ 1993ರ ಏಪ್ರಿಲ್ 9ರಂದು ನೆಲಬಾಂಬು ಸಿಡಿದು 22 ಮಂದಿ ಸತ್ತರು.

ಆ ಬಾಂಬನ್ನು ಹೂಳಿಸಿದ ವೀರಪ್ಪನ್ ಕರ್ನಾಟಕದ ಗೋಪಿನಾಥಂನಲ್ಲಿ ಹುಟ್ಟಿದವನು. ಆನೆಯ ದಂತವನ್ನೂ ಶ್ರೀಗಂಧವನ್ನೂ ಕದ್ದು ಬಲಿತವನು. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಪಾಪಾರಪಟ್ಟಿಯ ಬಳಿ ಅಲ್ಲಿಯ ಪೊಲೀಸರ ಗುಂಡಿಗೆ ಸಿಕ್ಕಿದ. ಅಷ್ಟು ಕಾಲ ಅವನನ್ನು ಕಾಪಾಡಿದ್ದು ಕಾಡಿನ ದಟ್ಟಣೆಯೊಂದೇ ಅಲ್ಲ. ಒಂದು ರಾಜ್ಯದ ಪಡೆ ಬೆನ್ನಟ್ಟಿದರೆ ಇನ್ನೊಂದು ರಾಜ್ಯದ ಕಾಡು ಇದ್ದೇ ಇತ್ತು. ಬೆನ್ನಟ್ಟಬಾರದೆಂದು ಕಾನೂನು ತಡೆದಿತ್ತೇ? ಇಲ್ಲ. ಪೊಲೀಸ್ ಅಧಿಕಾರಿಯು ತಾನು ಬಂಧಿಸಬೇಕಾದವನನ್ನು ಭಾರತದ ಯಾವ ಸ್ಥಳಕ್ಕಾದರೂ ಬೆನ್ನಟ್ಟಿ ಹೋಗಬಹುದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 48ನೆಯ ಪ್ರಕರಣವೇ ಸ್ಪಷ್ಟವಾಗಿ ಹೇಳಿತ್ತು. ಆದರೆ ಆಚೆಯ ಕಾಲುದಾರಿಯನ್ನು ಬಲ್ಲವನು ಆಚೆಯ ಪೇದೆ; ಅವನು ಬಾಯಿ ಬಿಡದಿದ್ದರೆ 48ನೆಯ ಪ್ರಕರಣವನ್ನು ಓದಿಕೊಳ್ಳುತ್ತ ಕಾಡಿನಲ್ಲಿ ಅಲೆಯಬೇಕಷ್ಟೆ. ಎರಡು ರಾಜ್ಯಗಳ ವಿಶೇಷ ಪಡೆಗಳು ಕೂಡಿ ಕಾಡನ್ನು ಸೋಸಿದ್ದೂ ಉಂಟು. ಆ ಕೂಟ ಒಂದೇ ಸಮನೆ ಉಳಿಯಲಿಲ್ಲವೆಂಬುದೇ ನನ್ನ ಆಕ್ಷೇಪ.

2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನ ಮನೆಯಿಂದ ಅವನು ಅಪಹರಿಸಿದಾಗ ನಾನಿನ್ನೂ ಶಾಲೆಯ ಹುಡುಗ. ಅನಿರೀಕ್ಷಿತವಾಗಿ ರಜೆ ದೊರಕಿದರೂ ಸಂತೋಷಪಡುವಂತಿರಲಿಲ್ಲ. ಮನೆಯ ಹಿರಿಯರ ಮುಖ ನೋಡಿದರೆ ಹತ್ತಿರದ ನೆಂಟರಿಗೇ ಏನೋ ಆಗಿದೆಯೆನ್ನಿಸುತ್ತಿತ್ತು. “ಗಾಜನೂರು ನಮ್ಮದೋ ಅವರದೋ?” ಎಂದು ಅಜ್ಜಿ ಕೇಳಿದರು. “ಊರು ಅವರದು, ಮನುಷ್ಯರು ನಮ್ಮವರು” ಎಂದರು ತಂದೆ. ಇಬ್ಬರು ಮುಖ್ಯಮಂತ್ರಿಗಳು ಒಟ್ಟಿಗೆ ಕುಳಿತು ತಲೆ ಕೆಡಿಸಿಕೊಳ್ಳಬೇಕಾಗಿ ಬಂದದ್ದು ಆಗ. 108 ದಿನಗಳ ಮೇಲೆ, ನವೆಂಬರ್ 15ರಂದು, ಅವರ ಬಿಡುಗಡೆಯಾಯಿತು.

ಅದೇ ನವೆಂಬರ್ 15ರಂದು ವಿಶ್ವಸಂಸ್ಥೆಯ ಮಹಾಸಭೆಯು ದೇಶದ ಗಡಿ ದಾಟುವ ಸಂಘಟಿತ ಅಪರಾಧಗಳ ವಿರುದ್ಧ ಒಪ್ಪಂದವೊಂದನ್ನು ಅಂಗೀಕರಿಸಿತು. ಕೇವಲ ಕಾಕತಾಳೀಯ. ಅಂದು ಕರ್ನಾಟಕದಲ್ಲಿ ಆ ಸುದ್ದಿಯನ್ನು ಯಾರು ಓದಿಯಾರು! ಭಾರತ ಅದನ್ನು ಸ್ಥಿರೀಕರಿಸಿದ್ದು 2011ರಲ್ಲಿ. ಅದರ ತಿರುಳು ನನ್ನಂಥ ಕನ್ನಡ ಮೇಷ್ಟರಿಗೆ ಹಿಡಿಸುವಂಥದು: ಮೊದಲು ಎಲ್ಲರೂ ಒಂದು ಮಾತಿಗೆ ಒಂದೇ ಅರ್ಥ ಹೇಳಿ. ಓಡಿಹೋದವನನ್ನು ಒಂದು ದೇಶ ಇನ್ನೊಂದರಿಂದ ಕೇಳಿ ಪಡೆಯಬೇಕಾದರೆ, ಅವನ ಕೃತ್ಯ ಸಾಮಾನ್ಯವಾಗಿ ಎರಡೂ ಕಡೆ ಅಪರಾಧವಾಗಿರಬೇಕು. ಇಲ್ಲಿ ಕಳ್ಳಸಾಗಣೆಯಾದದ್ದು ಅಲ್ಲಿ ವ್ಯಾಪಾರವಾದರೆ ಕಳ್ಳ ನಿಶ್ಚಿಂತೆಯಿಂದ ಮಲಗುತ್ತಾನೆ. ನಮ್ಮಲ್ಲಿಯೂ ಮಹಾರಾಷ್ಟ್ರ 1999ರಲ್ಲಿ, ಕರ್ನಾಟಕ 2000ದಲ್ಲಿ ತಮತಮಗೆ ಶಾಸನ ಮಾಡಿಕೊಂಡವು. ‘ಸಂಘಟಿತ ಅಪರಾಧ’ವೆಂಬ ಮಾತು ಭಾರತೀಯ ನ್ಯಾಯ ಸಂಹಿತೆಯ 111ನೆಯ ಪ್ರಕರಣವಾಗಿ ಇಡೀ ದೇಶಕ್ಕೆ ಅನ್ವಯಿಸಿದ್ದು 2024ರ ಜುಲೈ 1ರಿಂದ.

ಹುಲಿಯ ಚರ್ಮ, ಖಡ್ಗಮೃಗದ ಕೊಂಬು, ರಕ್ತಚಂದನ—ಇವು ರಾಜ್ಯದ ಗಡಿಯಲ್ಲಿ ನಿಲ್ಲುವ ಸರಕುಗಳಲ್ಲ. ವನ್ಯಜೀವಿಗಳ ಕಳ್ಳಸಾಗಣೆಯನ್ನು ಒಟ್ಟಾಗಿ ತಡೆಯಲು 2011ರಲ್ಲಿ ಭೂತಾನದ ಪಾರೋ ಪಟ್ಟಣದಲ್ಲಿ ದಕ್ಷಿಣ ಏಷ್ಯದ ಎಂಟು ರಾಷ್ಟ್ರಗಳ ಕೂಟವೊಂದು ರೂಪುಗೊಂಡಿತು. ಅದರ ಕಾರ್ಯಾಲಯ ಕಠ್ಮಂಡುವಿನಲ್ಲಿ. ಅದರ ನಿಬಂಧನೆಗಳಿಗೆ ನಮ್ಮ ಕೇಂದ್ರ ಮಂತ್ರಿಮಂಡಲ ಒಪ್ಪಿಗೆಯಿತ್ತದ್ದು 2016ರಲ್ಲಿ. ಐದು ವರ್ಷ! ಕಳ್ಳರು ಕೂಟ ಕಟ್ಟಲು ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೂ ನನಗೊಂದು ಅಳುಕುಂಟು. ವೀರಪ್ಪನ್‌ನನ್ನು ಹುಡುಕುತ್ತ ಬಂದ ಪಡೆಗಳು ಕಾಡಂಚಿನ ಬಡವರನ್ನು ಹಿಡಿದು ಹಿಂಸಿಸಿದರೆಂಬ ದೂರುಗಳೆದ್ದವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಈ ಒಂದು ವಿಷಯದಲ್ಲಿ ಮಾತ್ರ ಉಭಯ ರಾಜ್ಯಗಳ ಸಹಕಾರಕ್ಕೆ ಕೊರತೆಯಿರಲಿಲ್ಲವೆಂದು ಕಹಿಯಾಗಿ ನಗಬೇಕಾಗುತ್ತದೆ. ಪಡೆ ಜಂಟಿಯಾದಾಗ ಉತ್ತರ ಹೇಳುವ ಹೊಣೆಯೂ ಜಂಟಿಯಾಗಬೇಡವೇ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿ ವಿಚಾರಣೆ ನಡೆಸಿತು. 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಆಯೋಗ ಹೇಳಿದ್ದು 2007ರಲ್ಲಿ. ಆ ವೇಳೆಗೆ ವೀರಪ್ಪನ್ ಸತ್ತು ಎರಡು ವರ್ಷಗಳ ಮೇಲಾಗಿತ್ತು.