ಪೂರ್ವಕ್ಕೋ, ಪಶ್ಚಿಮಕ್ಕೋ?

ಪಿಯುಸಿಗೆ ನಮಸ್ಕಾರ ಹೊಡೆದು ಪೆನ್ನು ಹಿಡಿದವ ನಾನು. ಆದರೂ, ಸಿನಿಮಾ ತಂಡವೊಂದರ ಬೆನ್ನು ಹತ್ತಿ ಒಮ್ಮೆ ಅಂಡಮಾನ್ ಕಂಡು ಬಂದವನೆಂದು, ಗಜೇಂದ್ರಗಡದ ಗೆಳೆಯನಿಗೆ ನಾನೇ ಜಗತ್ತು ತಿರುಗಿದ ಮಹಾಶಯ!

ಅವನಿಗೀಗ ಮದುವೆ ಗೊತ್ತಾಗಿದೆ, ಹುಡುಗಿ ನರಗುಂದದವಳು. ಮೊನ್ನೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ಪುಸ್ತಕವೊಂದನ್ನು ನನ್ನ ಮುಂದೆ ಹಿಡಿದ. ಹುಬ್ಬಳ್ಳಿಯಲ್ಲಿ ಪುಕ್ಕಟೆ ಊಟ ಹಾಕಿ ಕೊಟ್ಟದ್ದಂತೆ. ಒಮ್ಮೆ ದುಡ್ಡು ಕಟ್ಟಿದರೆ 25 ವರ್ಷ, ವರ್ಷಕ್ಕೊಂದು ವಾರ ರೆಸಾರ್ಟು. ಮೊದಲ ಸಲ ಅಂಡಮಾನಿನ ಹ್ಯಾವ್‌ಲಾಕ್. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ.

“ಪೂರ್ವದ ದಂಡಿಯೋ, ಪಶ್ಚಿಮದ್ದೋ? ನಾಳೆ ಸಹಿ ಮಾಡಬೇಕು. ನೀ ಹೇಳಪಾ.”

ಹೇಳಿದೆ. ಪಶ್ಚಿಮದ ರಾಧಾನಗರ ಥೇಟ್ ಡ್ಯುಯೆಟ್ ಹಾಡಿನ ಜಾಗ. ಬಿಳಿ ಮರಳು, ಬೆನ್ನಿಗೆ ದಟ್ಟ ಕಾಡು, ಎದುರಿಗೇ ಸೂರ್ಯಾಸ್ತ. ಆದರೆ ಹಡಗುಕಟ್ಟೆಯಿಂದ ಸುಮಾರು 12 ಕಿ.ಮೀ. ದೂರ. ಪೂರ್ವದ ವಿಜಯನಗರದ ಕಡೆ ಹೋಟೆಲು, ಅಂಗಡಿ ಜಾಸ್ತಿ, ಸೂರ್ಯೋದಯವೂ ಸಿಗುತ್ತದೆ. ಆದರೆ ಇಳಿತದ ಹೊತ್ತಿಗೆ ನೀರು ದೂರ ಸರಿದು ಕಲ್ಲು ಕಾಣುತ್ತವೆ, ಈಜು ಬಂದ್! ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವ: ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ.

“ಹಂಗಾರ ಪಶ್ಚಿಮ!”

ಸಣ್ಣಕ್ಷರದ ಪುಟ ತಿರುವಿದೆ. ರೂಮು ಖಾಲಿ ಇದ್ದರಷ್ಟೇ ಸಿಗುವುದು. ಹೋಗಲಿ ಬಿಡಲಿ, ಪ್ರತಿ ವರ್ಷ ನಿರ್ವಹಣಾ ಶುಲ್ಕ. ವಿಮಾನ, ಹಡಗು, ಊಟದ ಖರ್ಚು ಬೇರೆ.

“ರೊಕ್ಕ ಎಲ್ಲಿಂದಲೇ?”

“ಅಪ್ಪ ಉಳ್ಳಾಗಡ್ಡಿ ಮಾರಿದ್ದು...” ಎಂದು ನೆಲ ನೋಡಿದ. ನನಗೂ ಮಾತು ಹೊರಡಲಿಲ್ಲ. ಕಡೆಗೆ ಹುಡುಗಿಗೇ ಫೋನ್ ಹಚ್ಚಿದ.

“ಸಮುದ್ರ ಒಂದ್ ಸಲ ನೋಡಿದರ ಸಾಲದೇನ್ರಿ?” ಎಂದಳಂತೆ.

ಗಜೇಂದ್ರಗಡದ ಬಸ್ಸು ಬಂತು. ಪುಸ್ತಕ ನನ್ನ ಕೈಗೆ ತುರುಕಿ, ಓಡಿ ಹತ್ತಿದ.