ಸದ್ದಿಲ್ಲದೆ ಬಂದ ಒಂದು ಲೋಟ ನೀರು

ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಹೊರಟರೆ ಸಿಲ್ಮಾರ್ ಬಳಿ ಹೆದ್ದಾರಿಯ ಬಲಕ್ಕೆ ಗುಡ್ಡದಿಂದ ಇಳಿದು ಬರುವ ಕಾಂಕ್ರೀಟ್ ಕಾಲುವೆಯೊಂದು ಕಾಣುತ್ತದೆ. ಕೋಲಾರದ ಕಡೆಯಿಂದ ಬಂದಿದ್ದ ಅಪ್ಪನಿಗೆ ಅದನ್ನು ತೋರಿಸಿ, "ನಮ್ಮನೆ ನಲ್ಲಿಗೆ ಬರೋ ನೀರಲ್ಲಿ ಒಂದು ಪಾಲು ಇಲ್ಲಿಂದಲೇ ಅಪ್ಪಾ. ಅದು ಹುಟ್ಟೋ ಕಡೆಗೇ ಹೋಗ್ತಾ ಇದ್ದೀವಿ" ಎಂದೆ. ಅಪ್ಪ ಕಿಟಕಿಯಿಂದ ಕತ್ತು ಹೊರಳಿಸಿ, ಕಾಲುವೆ ಮರೆಯಾಗುವವರೆಗೂ ನೋಡಿದರು.

ಅಕ್ಟೋಬರ್ ತಿಂಗಳು. ನಮ್ಮ ಮೋಟರ್‌ಹೋಮಿನಲ್ಲಿ ನಾನು, ಹೆಂಡತಿ, ನಾಲ್ಕು ವರ್ಷದ ಮಗಳು ಮತ್ತು ಅಪ್ಪ. ಮೊಹಾವಿ ದಾಟಿ ಜಾಬೋನ್ ಕಣಿವೆಗೆ ಬಂದಾಗ ಬೆಟ್ಟದಿಂದ ಬೆಟ್ಟಕ್ಕೆ ಇಳಿದು ಹತ್ತುವ ದೈತ್ಯ ಉಕ್ಕಿನ ಕೊಳವೆ ಕಂಡಿತು. ಇಂಜಿನಿಯರ್ ವಿಲಿಯಂ ಮುಲ್‌ಹಾಲಂಡ್ ಲಾಸ್ ಏಂಜಲೀಸಿಗಾಗಿ ಕಟ್ಟಿಸಿದ ಈ ನೀರಿನ ದಾರಿ 1913ರಲ್ಲಿ ತೆರೆಯಿತು. 375 ಕಿಲೋಮೀಟರ್ ಉದ್ದಕ್ಕೂ ಒಂದೇ ಒಂದು ಪಂಪಿಲ್ಲ. ಇಳಿಜಾರೇ ನೀರನ್ನು ತರುತ್ತದೆ. ಸಾವಿರಾರು ಅಡಿ ಕೊರೆದ ಬೋರ್‌ವೆಲ್‌ಗಳ ಊರಿನಿಂದ ಬಂದ ಅಪ್ಪನಿಗೆ ಇದು ನಂಬಲಾಗದ ಮಾತು. "ಮೋಟರೇ ಇಲ್ದೆ?" ಎಂದು ಎರಡು ಸಲ ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಎಡಕ್ಕೆ ಸಿಯೆರಾ ನೆವಾಡಾ ಬೆಟ್ಟಸಾಲು ಎದ್ದು ನಿಂತಿತು, ಬಲಕ್ಕೆ ಓವೆನ್ಸ್ ಸರೋವರ ಬಂತು. ಸರೋವರ ಎನ್ನುವುದು ನಕ್ಷೆಯಲ್ಲಿ ಉಳಿದ ಹೆಸರು. ಅದಕ್ಕೆ ಬರುತ್ತಿದ್ದ ಓವೆನ್ಸ್ ನದಿಯನ್ನು ನಗರಕ್ಕೆ ತಿರುಗಿಸಿದ ಮೇಲೆ, 1926ರ ಹೊತ್ತಿಗೆ ಅದು ಬತ್ತಿಹೋಯಿತು. ಆಮೇಲೆ ದಶಕಗಳ ಕಾಲ ಅದರ ತಳದ ಉಪ್ಪುಧೂಳು ಗಾಳಿಗೆದ್ದು ಕಣಿವೆಯ ಜನರ ಎದೆ ಸೇರಿತು. ಈಗ ಧೂಳು ಏಳದಂತೆ ಅಲ್ಲಲ್ಲಿ ತೆಳ್ಳಗೆ ನೀರು ಹಾಯಿಸಿದ್ದಾರೆ. ಇಲ್ಲಿನ ಮೂಲನಿವಾಸಿ ಪಯೂಟ್ ಜನ ಈ ಕಣಿವೆಯನ್ನು ಕರೆಯುವುದು ಪಯಾಹುನಾಡು ಎಂದು. ನೀರು ಹರಿಯುವ ಸೀಮೆ ಎಂದರ್ಥ.

ಲೋನ್ ಪೈನ್ ಊರಿನ ಹತ್ತಿರ, ನಲ್ಲಿಯ ಪೈಪಾಗಲಿ ಕರೆಂಟಾಗಲಿ ಗಾಡಿಗೆ ಸಿಗದ ಕ್ಯಾಂಪಿನಲ್ಲಿ ಬೀಡುಬಿಟ್ಟೆವು. ಎದುರಿಗೆ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ. ಟ್ಯಾಂಕಿನಲ್ಲಿ 150 ಲೀಟರ್ ನೀರು. ಕುಡಿಯಲು, ಅಡುಗೆಗೆ, ಪಾತ್ರೆಗೆ, ಸ್ನಾನಕ್ಕೆ ನಾಲ್ಕು ಜನಕ್ಕೆ ಮೂರು ದಿನ ಅಷ್ಟೇ.

ರಾತ್ರಿ ಎರಡು ಗಂಟೆಗೆ ಅಪ್ಪ ನೀರು ಕುಡಿಯಲು ಎದ್ದು ನಲ್ಲಿ ತಿರುಗಿಸಿದರು. ಹಾಸಿಗೆಯ ಕೆಳಗಿದ್ದ ಪಂಪು ಒಂದೇ ಸಮನೆ ಓಡುವ ಬದಲು ಕಟಕಟ ಹೊಡೆದುಕೊಂಡು ನಿಂತು, ಮತ್ತೆ ಹೊಡೆದುಕೊಳ್ಳತೊಡಗಿತು. ಪೈಪುಗಳು ಅದುರಿದವು. ಮಗಳು ಬೆಚ್ಚಿ ಎದ್ದು ಅತ್ತಳು. ಅಪ್ಪ ತಟ್ಟನೆ ನಲ್ಲಿ ನಿಲ್ಲಿಸಿ, ಅರ್ಧ ಲೋಟ ನೀರು ಹಿಡಿದುಕೊಂಡೇ ಕತ್ತಲಲ್ಲಿ ನಿಂತಿದ್ದರು. ಆಮೇಲೆ ಬೆಳಗಿನವರೆಗೂ ನಲ್ಲಿ ಮುಟ್ಟಲಿಲ್ಲ.

ಬೆಳಗ್ಗೆ ಹಾಸಿಗೆಯ ಹಲಗೆ ಎತ್ತಿದೆವು. ಅಪ್ಪ ಪಂಪಿನ ಮೇಲೆ ಅಂಗೈ ಇಟ್ಟು, ನನಗೆ ನಲ್ಲಿ ತಿರುಗಿಸಲು ಹೇಳಿ ಕೇಳಿಸಿಕೊಂಡರು. "ಮೋಟರ್‌ಗೇನೂ ಆಗಿಲ್ಲ ಕಣಪ್ಪ. ಸದ್ದು ಗಟ್ಟಿಯಾಗೈತೆ. ಒತ್ತಡ ನಿಲ್ತಾ ಇಲ್ಲ, ಅಷ್ಟೆ."

ಅವರ ಮಾತು ಸರಿಯಿತ್ತು. ಪಂಪಿನ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಡಬ್ಬಿ ಇರುತ್ತದೆ, ಅಕ್ಯುಮುಲೇಟರ್ ಟ್ಯಾಂಕ್. ಒಳಗೆ ಒಂದು ರಬ್ಬರ್ ಪೊರೆ. ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ನೀರನ್ನು ಅದುಮಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಪಂಪು ತಳ್ಳಿದ ನೀರು ಪೊರೆಯನ್ನು ಒತ್ತಿ ಗಾಳಿಯನ್ನು ಕುಗ್ಗಿಸುತ್ತದೆ. ನಲ್ಲಿ ಬಿಟ್ಟಾಗ ಅದೇ ಗಾಳಿ ಹಿಗ್ಗಿ ನೀರನ್ನು ಹೊರಗೆ ದಬ್ಬುತ್ತದೆ. ಈ ಗಾಳಿಯ ಮೆತ್ತೆ ಹೋದರೆ ಪಂಪು ಕ್ಷಣಕ್ಷಣಕ್ಕೂ ಒತ್ತಡ ಏರಿ ನಿಲ್ಲುತ್ತದೆ, ಇಳಿದು ಓಡುತ್ತದೆ. ಡಬ್ಬಿಯ ತುದಿಯಲ್ಲಿ ಸೈಕಲ್ ಟ್ಯೂಬಿನಲ್ಲಿರುವಂಥ ವಾಲ್ವ್. ಅದರ ಕಡ್ಡಿಯನ್ನು ಉಗುರಿನಿಂದ ಒತ್ತಿದೆ. ಗಾಳಿ ಬರಬೇಕಾದ ಕಡೆ ನೀರು ತೊಟ್ಟಿಕ್ಕಿತು. ಪೊರೆ ಹರಿದಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಬೇಸಿಗೆಯಲ್ಲೆಲ್ಲ ಕ್ಯಾಂಪಿನ ನಲ್ಲಿಗೇ ಪೈಪು ಸಿಕ್ಕಿಸಿಕೊಂಡು ಇದ್ದೆವು. ಆಗ ಪಂಪಿಗೆ ಕೆಲಸವೇ ಇರಲಿಲ್ಲ, ಹಾಗಾಗಿ ತಿಳಿದಿರಲಿಲ್ಲ.

ಹೊಸದನ್ನು ತರಲು ಸುಮಾರು 95 ಕಿಲೋಮೀಟರ್ ದೂರದ ಬಿಷಪ್ ಪಟ್ಟಣಕ್ಕೆ ಹೊರಟೆವು. ನದಿಯನ್ನು ಕಾಲುವೆಗೆ ತಿರುಗಿಸುವ ಜಾಗ ಇರುವುದು ಇದೇ ದಾರಿಯ ಆಸುಪಾಸಿನಲ್ಲಿ. ಅದನ್ನು ಹೇಳಿದಾಗ ಅಪ್ಪ, "ನಮ್ ಕಡೆ ಉಲ್ಟಾ ಆಯ್ತು ನೋಡು" ಎಂದರು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಶುದ್ಧತೆಯ ಬಗ್ಗೆ ಅಪ್ಪನಿಗೆ ಇಂದಿಗೂ ಅನುಮಾನ. ಆದರೂ ಒಣಗಿದ್ದ ಕೆರೆಯಲ್ಲಿ ಕೊಕ್ಕರೆ ಇಳಿದಿದ್ದನ್ನು ಹೇಳುವಾಗ ಅವರ ದನಿ ಬೇರೆಯಾಯಿತು.

ಅಂಗಡಿಯಲ್ಲಿ ಒಂದು ಲೀಟರಿನ ಟ್ಯಾಂಕ್ ಸಿಕ್ಕಿತು. ಅಲ್ಲೇ ನೆರಳಿಗೆ ಗಾಡಿ ನಿಲ್ಲಿಸಿದೆವು. ಪಂಪಿನ ಸ್ವಿಚ್ ಆರಿಸಿ, ತಣ್ಣೀರು ಬಿಸಿನೀರು ಎರಡೂ ನಲ್ಲಿ ತೆರೆದು ಒತ್ತಡ ಇಳಿಸಿದೆ. ಕೆಳಗೆ ಪಾತ್ರೆ ಇಟ್ಟು ಹಳೆಯದನ್ನು ಬಿಚ್ಚಿದೆ. ಹಗುರಾಗಿರಬೇಕಾದ ಡಬ್ಬಿ ನೀರು ತುಂಬಿಕೊಂಡು ಕೈಗೆ ಭಾರವಾಗಿ ಬಂತು. ಹೊಸದನ್ನು ಕೂರಿಸುವ ಮುಂಚೆ ಅದರಲ್ಲಿ ಗಾಳಿ ಹದ ಮಾಡಬೇಕು. ನಮ್ಮ ಪಂಪು 40 ಪಿಎಸ್‌ಐ ಒತ್ತಡಕ್ಕೆ ಓಡಲು ಶುರುಮಾಡಿ 55ಕ್ಕೆ ನಿಲ್ಲುತ್ತದೆ. ಹಾಗಾಗಿ ಗಾಳಿ 40ಕ್ಕಿಂತ ತುಸು ಕಡಿಮೆ, 38 ಇರಬೇಕು. ನೀರು ಸೇರಿದ ಮೇಲೆ ಈ ಅಳತೆ ಸರಿಯಾಗಿ ಸಿಗುವುದಿಲ್ಲ. ಅಪ್ಪ ಸೈಕಲ್ ಪಂಪಿನಿಂದ ಗಾಳಿ ಹೊಡೆದರು, ನಾನು ಗೇಜ್ ನೋಡಿದೆ. ತ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ, ಪಂಪಿನಿಂದ ನೀರು ಹೊರಡುವ ಕಡೆಗೆ ಜೋಡಿಸಿದೆ. ರಬ್ಬರ್ ವಾಷರ್ ಇರುವ ನಟ್ಟಿಗೆ ಟೇಪ್ ಬೇಡ, ಸ್ಪ್ಯಾನರೂ ಬೇಡ, ಕೈಬಿಗಿ ಸಾಕು.

ಸ್ವಿಚ್ ಹಾಕಿದಾಗ ಪಂಪು ಒಂದೇ ಉಸಿರಿಗೆ ಓಡಿ, ಒತ್ತಡ ತುಂಬಿ, ನಿಂತಿತು. ಒಂದು ಕೀಲಿನಲ್ಲಿ ಹನಿ ಕೂತಿತ್ತು. ಕಾಲು ಸುತ್ತು ಬಿಗಿಸಿ ಒಣ ಕಾಗದ ಹಿಡಿದು ನೋಡಿದೆ. ಕಾಗದ ಒದ್ದೆಯಾಗಲಿಲ್ಲ. ಅಪ್ಪ ಡಬ್ಬಿಯನ್ನು ತಟ್ಟಿ, "ಇದೂ ಒಂದು ಕೆರೆನೇ ಬಿಡು" ಎಂದರು. "ಒಟ್ಟಿಗೆ ಬಂದಿದ್ದನ್ನ ಹಿಡಿದಿಟ್ಕಂತೈತೆ. ಬೇಕಾದಾಗ ಬೇಕಾದಷ್ಟು ಕೊಡ್ತೈತೆ. ಮಧ್ಯದಲ್ಲಿ ಹಿಂಗೆ ಹಿಡಿಯೋದೊಂದು ಇಲ್ದೆ ಹೋದ್ರೆ ಎಲ್ಲಾ ಹೊಡ್ಕಂತೈತೆ."

ಸಂಜೆ ಲೋನ್ ಪೈನ್‌ಗೆ ಮರಳಿ ಅಲಬಾಮಾ ಹಿಲ್ಸ್‌ನ ಬಂಡೆಗಳ ನಡುವೆ ನಡೆದೆವು. 1939ರ ಹಾಲಿವುಡ್ ಚಿತ್ರ ‘ಗುಂಗಾ ದಿನ್’ಗೆ ಇದೇ ಬಂಡೆಗಳು ಭಾರತದ ವಾಯವ್ಯ ಗಡಿಯಾಗಿದ್ದವು. ಅದರ ಗುಂಗಾ ದಿನ್ ಬ್ರಿಟಿಷ್ ಸೈನಿಕರಿಗೆ ನೀರು ಹೊರುವ ಭಿಸ್ತಿ. ನೀರು ಬತ್ತಿಸಿಕೊಂಡ ಕಣಿವೆಯಲ್ಲಿ ನೀರು ಹೊರುವವನ ಕತೆ ಚಿತ್ರಿಸಿದ್ದರು. ಇದೇ ಕಣಿವೆಯ ಕೆಳಭಾಗದಲ್ಲಿ ಒಣಗಿದ್ದ ಓವೆನ್ಸ್ ನದಿಯ ಪಾತ್ರಕ್ಕೆ 2006ರಲ್ಲಿ ಮತ್ತೆ ನೀರು ಬಿಟ್ಟರು. ಮರುದಿನ ಅಪ್ಪನನ್ನು ಅಲ್ಲಿಗೆ ಕರೆದೊಯ್ಯುವುದೆಂದುಕೊಂಡೆವು.

ಆ ರಾತ್ರಿಯೂ ಎರಡು ಗಂಟೆಗೆ ಅಪ್ಪ ಎದ್ದರು. ನಾನು ಮಲಗಿದಲ್ಲೇ ಕಿವಿಗೊಟ್ಟೆ. ನಲ್ಲಿ ತಿರುಗಿದ್ದು ತಿಳಿಯಿತು, ಲೋಟಕ್ಕೆ ನೀರು ಬೀಳುವುದು ಕೇಳಿಸಿತು, ಪಂಪು ಮಿಸುಕಲಿಲ್ಲ. ಹಿಡಿದಿಟ್ಟ ಒತ್ತಡದಲ್ಲೇ ಒಂದು ಲೋಟ ತುಂಬಿತು. ಮಗಳು ಮಗ್ಗುಲೂ ಬದಲಿಸಲಿಲ್ಲ. ಅಪ್ಪ ಪೂರ್ತಿ ನೀರು ಕುಡಿದು, ಲೋಟವನ್ನು ಸದ್ದಾಗದಂತೆ ಕವುಚಿಟ್ಟು ಮಲಗಿದರು.